ಮುಚ್ಚಿದ ಅಂಗಡಿಗೆ ಒಂದು ರೂಪಾಯಿ

‘ನೀವು ಡಿಜಿಟಲ್ ಪಾವತಿಯನ್ನು ಮುಂದುವರಿಸಲು ಮುಖ್ಯ ಕಾರಣವೇನು?’ ಇದು ನನ್ನ ಟ್ಯಾಬಿನಲ್ಲಿದ್ದ ಕೊನೆಯ ಪ್ರಶ್ನೆ. ಕೆಳಗೆ ಉತ್ತರಗಳೂ ಸಿದ್ಧವಾಗಿದ್ದವು: ಸುಲಭ, ಚಿಲ್ಲರೆ ತಾಪತ್ರಯವಿಲ್ಲ, ರಿಯಾಯಿತಿ, ಸ್ನೇಹಿತರು ಬಳಸುತ್ತಾರೆ, ಅಭ್ಯಾಸ, ಇತರೆ. ಇಪ್ಪತ್ತೈದು ದಾಟದ ಹುಡುಗ ಹುಡುಗಿಯರನ್ನು ತಡೆದು ನಿಲ್ಲಿಸಿ, ಇದನ್ನು ಓದಿ ಹೇಳಿ, ಅವರು ಹೇಳಿದ್ದಕ್ಕೆ ಹತ್ತಿರದ ಗುಂಡಿ ಒತ್ತಬೇಕು. ಈ ಪ್ರಶ್ನೆ ಬರೆದ ಪುಣ್ಯಾತ್ಮ ಮದ್ದೂರಿನ ಬಸ್ ನಿಲ್ದಾಣದಲ್ಲಿ ಮಟಮಟ ಮಧ್ಯಾಹ್ನ ಒಂದೇ ಒಂದು ಸಲ ನಿಂತಿದ್ದರೆ ಇನ್ನೂ ಚಿಕ್ಕದಾಗಿ ಬರೆಯುತ್ತಿದ್ದ.

ಮಳವಳ್ಳಿಯ ಕಾಲೇಜಿನ ಗೇಟಿನ ಮುಂದೆ ಒಬ್ಬನನ್ನು ಹಿಡಿದೆ. “ಯಾಕೆ ಅಂದ್ರೆ? ಜೇಬಲ್ಲಿ ಕಾಸಿಲ್ಲ, ಅದ್ಕೆ,” ಅಂದ.

“ಫೋನಲ್ಲಿ ಇದೆಯಾ?”

“ಅಲ್ಲೂ ಇಲ್ಲ ಕಣಕ್ಕ. ಆದ್ರೆ ಅಲ್ಲಿಲ್ಲ ಅಂತ ಯಾರ್ಗೂ ಕಾಣಾಕಿಲ್ವಲ್ಲ.”

ನಗು ಬಂತು. ಆದರೆ ನಗುವಿಗೆ ಗುಂಡಿ ಇರಲಿಲ್ಲವಾದ್ದರಿಂದ ‘ಸುಲಭ’ ಒತ್ತಿ ಮುಂದೆ ಹೋದೆ. ಮಂಡ್ಯದ ಒಂದು ಸಣ್ಣ ಏಜೆನ್ಸಿಗೆ ನಾನು ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ನನ್ನ ಪಾಲು. ಒಂದೇ ಟ್ಯಾಬಿನಲ್ಲಿ ಎರಡು ಕೆಲಸ. ಒಂದು ಈ ಸಮೀಕ್ಷೆ. ಇನ್ನೊಂದು ಅಂಗಡಿಗಳ ಮರುಪರಿಶೀಲನೆ: ಹಣ ಬಂದ ಕೂಡಲೇ ಜೋರಾಗಿ ಕೂಗಿ ಹೇಳುವ ಪೆಟ್ಟಿಗೆಯನ್ನು ಇಟ್ಟುಕೊಂಡಿರುವ ಅಂಗಡಿಗಳಲ್ಲಿ ಅನುಮಾನ ಬಂದವುಗಳನ್ನು ಹುಡುಕಿಕೊಂಡು ಹೋಗಿ, ಅಂಗಡಿ ನಿಜವಾಗಿ ಇದೆಯಾ, ಮಾಲೀಕರು ನಿಜವಾಗಿ ಇದ್ದಾರಾ ಅಂತ ನೋಡಿ ಬರುವುದು.

ಮಂಡ್ಯದ ರೈಲು ನಿಲ್ದಾಣದಲ್ಲಿ ಬೆಳಗಿನ ಪ್ಯಾಸೆಂಜರ್ ಗಾಡಿಯಿಂದ ಇಳಿದ ಕಾಲೇಜಿನ ಮಕ್ಕಳ ಹತ್ತಿರ ಸಮೀಕ್ಷೆ ಮಾಡುವಾಗ ಮೊದಲ ಸಲ ವಿಚಿತ್ರ ಅನ್ನಿಸಿತು. ಹಿಂದಿನ ನಿಲ್ದಾಣ ಹನಕೆರೆಯಲ್ಲಿ ಹತ್ತಿದವರೆಲ್ಲ ಕೊನೆಯ ಪ್ರಶ್ನೆಗೆ ‘ಇತರೆ’ ಅಂದರು. ‘ಇತರೆ’ ಅಂದರೆ ನನಗೆ ಕೋಪ, ಯಾಕೆಂದರೆ ಆಗ ಕಾರಣವನ್ನು ಅಕ್ಷರ ಅಕ್ಷರ ಒತ್ತಿ ಬರೆಯಬೇಕು.

“ಅಕ್ಕಂಗೆ ಕೇಳ್ಲಿ ಅಂತ ಹಾಕ್ತೀವಿ,” ಅಂದಳು ಮೂಗುತಿ ಹಾಕಿದ್ದ ಒಬ್ಬ ಹುಡುಗಿ.

“ಯಾವ ಅಕ್ಕ?”

“ಟೀ ಅಂಗ್ಡಿ ಅಕ್ಕ. ಟೇಸನ್ ಮುಂದೆ. ದಿನಾ ಒಂದ್ರೂಪಾಯ್ ಹಾಕಿ ರೈಲ್ ಹತ್ತೋದು.”

“ಒಂದು ರೂಪಾಯಿಗೆ ಟೀ ಕೊಡ್ತಾರಾ?”

“ಟೀ ಎಲ್ಲಿ ಬಂತು? ಅಂಗ್ಡಿ ಮುಚ್ಚದೆ.” ಅಷ್ಟು ಹೇಳಿ ಅವಳು ಕಾಲೇಜಿಗೆ ಹೊತ್ತಾಯಿತೆಂದು ಓಡಿದಳು. ಮುಚ್ಚಿದ ಅಂಗಡಿಗೆ ಯಾಕೆ ದುಡ್ಡು ಹಾಕುತ್ತಾರೆ ಅನ್ನುವುದು ನನ್ನ ತಲೆಯೊಳಗೇ ಉಳಿಯಿತು.

ಅದೇ ವಾರ ನನ್ನ ಟ್ಯಾಬಿಗೆ ಅನುಮಾನದ ಅಂಗಡಿಗಳ ಹೊಸ ಕಂತು ಬಂತು. ಅದರಲ್ಲಿ ಹನಕೆರೆಯ ಟೀ ಅಂಗಡಿ ಇತ್ತು. ದಿನವೂ ಬೆಳಿಗ್ಗೆ ಬೇರೆ ಬೇರೆಯವರಿಂದ ಒಂದೊಂದೇ ರೂಪಾಯಿ ಬರುತ್ತಿದೆ, ಬೇರೆ ಯಾವ ವ್ಯಾಪಾರವೂ ಇಲ್ಲ ಅನ್ನುವುದು ಆಕ್ಷೇಪಣೆ. ನಮ್ಮ ಕೆಲಸದಲ್ಲಿ ಇದು ಕೆಟ್ಟ ಲಕ್ಷಣ. ಕದ್ದ ದುಡ್ಡನ್ನು ಯಾರದೋ ಖಾತೆಯ ಮೂಲಕ ಸಾಗಿಸುವವರು ಆ ಖಾತೆ ಇನ್ನೂ ಬದುಕಿದೆಯಾ ಅಂತ ತಿಳಿಯಲು ಮೊದಲು ಒಂದು ರೂಪಾಯಿ ಕಳಿಸಿ ನೋಡುತ್ತಾರೆ. ‘ಹೋಗಿ ನೋಡಿ, ಮಾಲೀಕರು ಸಿಗದಿದ್ದರೆ ಖಾತೆ ನಿಲ್ಲಿಸಿ’ ಎಂದು ಮೇಲ್ವಿಚಾರಕರು ಸಂದೇಶ ಹಾಕಿದ್ದರು.

ನಾನು ಹೋದದ್ದು ಮಧ್ಯಾಹ್ನ. ಬೆಳಗಿನ ಗಾಡಿ ಹೋಗಿ, ಸಂಜೆಯದು ಬರಲು ಇನ್ನೂ ಹೊತ್ತಿತ್ತು. ನಿಲ್ದಾಣದ ಮುಂದೆ ನರಪಿಳ್ಳೆ ಇಲ್ಲ. ಹೆಂಚಿನ ಮನೆಯೊಂದರ ಮುಂಭಾಗವನ್ನೇ ಅಂಗಡಿ ಮಾಡಿ ಶಟರ್ ಹಾಕಿಸಿದ್ದರು. ಶಟರಿನ ಬುಡದಲ್ಲಿ ತುಕ್ಕು ಹಿಡಿದು, ಗಾಳಿಗೆ ಬಂದ ಕಬ್ಬಿನ ತರಗು ಸೇರಿಕೊಂಡಿತ್ತು. ಪಕ್ಕದ ಕಂಬಕ್ಕೆ ಅಂಟಿಸಿದ್ದ ಸ್ಕ್ಯಾನ್ ಮಾಡುವ ಚೀಟಿ ಮಾತ್ರ ಈಗ ತಾನೇ ಒರೆಸಿದಂತೆ ಚೊಕ್ಕಟವಾಗಿತ್ತು. ಅಂಗಡಿಯಷ್ಟು ಹಳೆಯದಾದ ಚೀಟಿಯ ಮೇಲೆ ಧೂಳು ಕೂರದಿರುವುದು ನನಗೆ ಸರಿಕಾಣಲಿಲ್ಲ.

ನಿಯಮದ ಪ್ರಕಾರ ಮೊದಲು ಒಂದು ರೂಪಾಯಿ ಹಾಕಿ ಚೀಟಿ ಕೆಲಸ ಮಾಡುತ್ತಿದೆಯಾ ನೋಡಬೇಕು. ಹಾಕಿದೆ. ಮುಚ್ಚಿದ ಶಟರಿನ ಒಳಗಿಂದ ಪೆಟ್ಟಿಗೆಯ ಹೆಣ್ಣು ದನಿ ಹೇಳಿತು: “ಒಂದು ರೂಪಾಯಿ ಸ್ವೀಕರಿಸಲಾಗಿದೆ.”

ಅದರ ಹಿಂದೆಯೇ ಲೋಹಕ್ಕೆ ಲೋಹ ಬಡಿದ ಸದ್ದು. ಟಣ್ ಟಣ್.

ಇಲಿ ಇರಬೇಕು ಅಂದುಕೊಂಡೆ. ಇಲಿಯಾದರೆ ಎರಡೇ ಸಲ ಬಡಿದು ಸುಮ್ಮನಾಗುತ್ತದಾ? ಇನ್ನೊಂದು ರೂಪಾಯಿ ಹಾಕಿದೆ. ಪೆಟ್ಟಿಗೆ ಹೇಳಿತು. ಟಣ್ ಟಣ್. “ಯಾರಿದ್ದೀರಾ ಒಳಗೆ?” ಅಂತ ಕೂಗಿದೆ. ಉತ್ತರವಿಲ್ಲ. ಅಂಗೈಯಿಂದ ಶಟರ್ ತಟ್ಟಿದೆ. ಬಿಸಿಲಿಗೆ ಕಾದಿದ್ದ ತಗಡು ಕೈ ಸುಟ್ಟಿತೇ ಹೊರತು ಒಳಗೆ ಯಾರೂ ಮಿಸುಕಲಿಲ್ಲ. ಫೋನನ್ನು ಮತ್ತೆ ಚೀಟಿಯ ಮುಂದೆ ಹಿಡಿದೆ. ಗುಪ್ತಸಂಖ್ಯೆಯನ್ನು ಒಮ್ಮೆ ತಪ್ಪಾಗಿ ಒತ್ತಿದೆ. ಪೆಟ್ಟಿಗೆ ಹೇಳಿತು. ಟಣ್ ಟಣ್. ಒಳಗಿರುವುದು ಏನೇ ಆಗಿರಲಿ, ಅದು ದುಡ್ಡಿಗೆ ಉತ್ತರ ಕೊಡುತ್ತಿತ್ತು, ನನಗೆ ಕೊಡುತ್ತಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದೆ.

“ಎದುರ್ಕಬ್ಯಾಡಿ. ಅದು ನನ್ನೆಡ್ತಿ.”

ನಾನು ಹೆಚ್ಚುಕಡಿಮೆ ಕಿರುಚಿದೆ. ಪಕ್ಕದ ಓಣಿಯಿಂದ ಒಬ್ಬರು ಬಂದು ನಿಂತಿದ್ದರು. ಹೆಗಲ ಮೇಲೆ ಟವೆಲ್ಲು, ಮೈಯಿಂದ ಬೆಲ್ಲದ ಪಾಕದ ವಾಸನೆ. ಆಲೆಮನೆಯಲ್ಲಿ ಕೆಲಸ, ಮಧ್ಯಾಹ್ನ ಹೆಂಡತಿಗೆ ಗಂಜಿ ಕುಡಿಸಿ ಹೋಗಲು ಬಂದಿದ್ದೇನೆ ಅಂದರು. ನಾನು ಯಾರು, ಯಾಕೆ ಬಂದೆ ಅಂತ ಹೇಳಿದೆ. ಅವರು ತಲೆಯಾಡಿಸಿ ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು.

ಅಂಗಡಿಯ ಕಟ್ಟೆಯ ಹಿಂದೆ ಕಬ್ಬಿಣದ ಮಂಚ ಹಾಕಿತ್ತು. ಅದರ ಮೇಲೆ ನಲವತ್ತರ ಆಸುಪಾಸಿನ ಹೆಂಗಸು. ತಲೆಗೆ ಎಣ್ಣೆ ಹಚ್ಚಿ ಬಾಚಿತ್ತು, ಹಣೆಗೆ ಕುಂಕುಮವಿತ್ತು. ಕಣ್ಣು ತೆರೆದೇ ಇದ್ದವು, ಸೂರಿನ ಕಡೆಗೆ. ಎಡಗೈಯಲ್ಲಿ ಒಂದು ಸ್ಟೀಲ್ ಚಮಚ, ಅದರ ತುದಿ ಮಂಚದ ಕಂಬಿಗೆ ತಾಗಿಕೊಂಡಿತ್ತು. ಕಟ್ಟೆಯ ಮೇಲೆ ಪೆಟ್ಟಿಗೆ, ಅದರ ಹಸಿರು ದೀಪ ಉರಿಯುತ್ತಿತ್ತು.

“ಲಕ್ವ ಒಡೀತು ಮೇಡಮ್ಮೋರೆ. ಬೆಳಿಗ್ಗೆ ರೈಲ್ ಟೇಮಲ್ಲಿ, ಟೀ ಸೋಸ್ತಾ ಸೋಸ್ತಾನೇ ಬಿದ್ಲು. ಮಾತೋಯ್ತು. ಬಲಗಡೆ ಪೂರ್ತಿ ಓಯ್ತು.”

“ಮತ್ತೆ ಈ ಚಮಚ?”

ಅವರು ಹೇಳಿದ್ದು ಇಷ್ಟು. ಆಕೆ ಅಂಗಡಿ ನಡೆಸುವಾಗ ರೈಲು ಬರುವ ಮುಂಚಿನ ನೂಕುನುಗ್ಗಲಿನಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಪೆಟ್ಟಿಗೆ ಕೂಗಿದ ಕೂಡಲೇ ಸೌಟಿನಿಂದ ಕೆಟ್ಲಿಗೆ ಎರಡು ಸಲ ಬಡಿಯುವಳು. ದುಡ್ಡು ಬಂತು, ನೀನು ಹೊರಡು ಅಂತ ಅರ್ಥ. ಆಸ್ಪತ್ರೆಯಿಂದ ಕರೆತಂದ ಮೇಲೆ ಒಂದು ಬೆಳಿಗ್ಗೆ ಇವರು ಗಂಜಿ ಕುಡಿಸುತ್ತಾ ಚಮಚವನ್ನು ಅವಳ ಕೈ ಹತ್ತಿರ ಮರೆತು ಎದ್ದರು. ಅವಳು ಬಿದ್ದ ದಿನದ ಗಡಿಬಿಡಿಯಲ್ಲಿ ಕೊಡದೆ ಉಳಿದಿದ್ದ ಟೀ ಕಾಸನ್ನು ಹೊರಗೆ ಯಾರೋ ಹಾಕಿದರು. ಪೆಟ್ಟಿಗೆ ಕೂಗಿತು. ಅವಳ ಕೈ ಚಮಚ ಎತ್ತಿ ಕಂಬಿಗೆ ಬಡಿಯಿತು. ಕಾಲೇಜಿನ ಮಕ್ಕಳಿಗೆ ಅದು ಕೇಳಿಸಿತು. ಅಂದಿನಿಂದ ದಿನವೂ ಒಂದೊಂದು ರೂಪಾಯಿ ಹಾಕಿ ರೈಲು ಹತ್ತುವುದು ಶುರುವಾಯಿತು.

“ಕರ್ದು ಮಾತಾಡ್ಸಿದ್ರೆ?” ಅಂದೆ.

“ಕರೀರಿ ಬೇಕಾದ್ರೆ.”

ನಾನು ಹತ್ತಿರ ಹೋಗಿ, “ಅಕ್ಕಾ, ಕೇಳಿಸ್ತಿದೆಯಾ?” ಅಂದೆ. ರೆಪ್ಪೆ ಕೂಡ ಅಲುಗಲಿಲ್ಲ. ಹೆಸರು ಹಿಡಿದು ಕರೆದೆ, ಇಲ್ಲ. ಗಂಡನೂ ಕರೆದರು, ಅವರ ದನಿಗೂ ಇಲ್ಲ. ನಾನು ಫೋನ್ ತೆಗೆದು ಒಂದು ರೂಪಾಯಿ ಹಾಕಿದೆ. ಪೆಟ್ಟಿಗೆ ಕೂಗಿತು. ಮುಖದಲ್ಲಿ ಏನೂ ಬದಲಾಗದೆ, ಮೈಯಲ್ಲಿ ಬೇರೇನೂ ಅಲುಗದೆ, ಆ ಎಡಗೈ ಮಾತ್ರ ಮಣಿಕಟ್ಟಿನಿಂದ ಎದ್ದು ಎರಡು ಸಲ ಬಡಿದು ಮತ್ತೆ ಮಲಗಿತು. ಹೊರಗಿನಿಂದ ಕೇಳಿದ್ದಕ್ಕಿಂತ ಕಣ್ಣಾರೆ ನೋಡಿ ಹೆಚ್ಚು ಭಯವಾಯಿತು.

ಪರಿಶೀಲನೆ ಶುರು ಮಾಡಿದೆ. ಮೊದಲು ಮಾಲೀಕರ ಮುಖ. ಟ್ಯಾಬನ್ನು ಅವಳ ಮುಖದ ಮೇಲೆ ಹಿಡಿದೆ. ‘ಕ್ಯಾಮೆರಾ ನೋಡಿ’ ಅಂತ ಬಂತು, ಅವಳು ಸೂರು ನೋಡುತ್ತಿದ್ದಳು. ಟ್ಯಾಬನ್ನೇ ಸೂರಿಗೆ ಸರಿಯಾಗಿ ಹಿಡಿದು ಅದನ್ನು ದಾಟಿಸಿದೆ. ‘ಕಣ್ಣು ಮಿಟುಕಿಸಿ’ ಅಂತ ಬಂತು. ಕಾದೆ. ಅವಳು ಮಿಟುಕಿಸಿದಾಗ ಅದರ ಹೊತ್ತು ಮೀರಿತ್ತು. ಮತ್ತೆ ಮೊದಲಿನಿಂದ. ಹಾಗೂ ಹೀಗೂ ಅದೂ ಆಯಿತು. ಕೊನೆಯದು, ‘ನಿಮ್ಮ ಹೆಸರು ಮತ್ತು ಅಂಗಡಿಯ ಹೆಸರನ್ನು ಜೋರಾಗಿ ಹೇಳಿ.’ ಅಲ್ಲಿ ಮುಗಿಯಿತು. ಮೇಲ್ವಿಚಾರಕರಿಗೆ ಫೋನ್ ಮಾಡಿ, ಹೀಗಿದೆ, ಚಮಚ ಬಡಿಯುತ್ತಾರೆ, ಅದನ್ನೇ ಒಪ್ಪಿಗೆ ಅಂತ ತಗೊಳ್ಳಬಹುದಾ ಅಂತ ಕೇಳಿದೆ.

“ಡಾಕ್ಟರ್ ಏನಂತಾರೆ?” ಅಂದರು.

ಗಂಡನನ್ನು ಕೇಳಿದೆ. “ಮಂಡ್ಯದ ಡಾಕ್ಟ್ರು ಅದು ಬರೀ ಕೈ ಅಭ್ಯಾಸ ಅಂದ್ರು. ಕೋಳಿ ತಲೆ ಕುಯ್ದ್ ಮೇಲೂ ರೆಕ್ಕೆ ಬಡ್ಕತದಲ್ಲ, ಅಂಗಂತೆ. ಅವ್ಳು ಒಳಗಿಲ್ಲ ಅಂದ್ರು.”

ಮೇಲ್ವಿಚಾರಕರಿಗೆ ಅದು ಕೇಳಿಸಿತು. “ಹಾಗಾದ್ರೆ ನಿಲ್ಲಿಸಿಬಿಡಿ. ಗಂಡನ ಹೆಸರಿಗೆ ಬೇಕಾದ್ರೆ ಅಂಗಡಿ ತೆರೆದು, ವ್ಯಾಪಾರ ತೋರಿಸಿ ಹೊಸದಾಗಿ ಅರ್ಜಿ ಹಾಕಲಿ,” ಅಂದರು.

ಅದನ್ನು ಗಂಡನಿಗೆ ವಿವರಿಸಿದೆ. ಖಾತೆ ನಿಂತರೆ ಪೆಟ್ಟಿಗೆಯೂ ನಿಲ್ಲುತ್ತದೆ, ನಿಮ್ಮ ಹೆಸರಿನಲ್ಲಿ ಮಾಡೋಣವಾ ಅಂದೆ. ಅವರು ಪೆಟ್ಟಿಗೆಯ ಕಡೆ ನೋಡಿದ ರೀತಿ ನನಗೆ ಈಗಲೂ ಕಣ್ಣಮುಂದಿದೆ. ಹಾವಿನ ಬುಟ್ಟಿಯನ್ನು ನೋಡುವ ಹಾಗೆ ನೋಡಿದರು.

“ನಿಲ್ಲುಸ್ಬುಡಿ ಮೇಡಮ್ಮೋರೆ. ತಗೊಂಡೋಗ್ಬುಡಿ ಅದ್ನ. ನಂಗೆ ಎದ್ರಿಕೆ ಆಯ್ತದೆ. ನಾನ್ ಕರುದ್ರೆ ಓ ಅನ್ನಾಕಿಲ್ಲ, ಅದು ಕರುದ್ರೆ ಓ ಅಂತಾಳೆ. ಚಮ್ಚ ಕಿತ್ಕಂಡ್ರೆ ಬರಿಗೈ ಅಂಗೇ ಎದ್ದೆದ್ದು ಬೀಳ್ತದೆ. ಇವ್ಳ್ ಮಗ್ಗುಲಲ್ಲಿ ಮಲ್ಗಾಕಾಗ್ದೆ ಜಗುಲೀಲಿ ಮಲಗ್ತೀನಿ ನಾನು.” ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಮಳವಳ್ಳೀಲಿ ನಮ್ಮಕ್ಕ ಅವ್ಳೆ. ಹಿಂದ್ಗಡೆ ಕ್ವಾಣೇಲಿ ಜಾಗ ಮಾಡ್ಕೊಡ್ತೀನಿ ಅಂದವ್ಳೆ. ನಾಳೀಕೆ ವ್ಯಾನ್ ಯೋಳಿವ್ನಿ. ಕೂಲಿಗೊಬ್ಳು ಬಂದು ನೋಡ್ಕತಾಳೆ. ಅಲ್ಲಿ ಈ ಪೆಟ್ಗೆ ಬ್ಯಾಡ,” ಅಂದರು.

ಗಂಡನೇ ಬೇಡ ಅಂದ ಮೇಲೆ ನನ್ನದೇನಿದೆ? ನಿಜ ಹೇಳಬೇಕೆಂದರೆ ನನಗೂ ಅಲ್ಲಿಂದ ಹೊರಟರೆ ಸಾಕಾಗಿತ್ತು. ಟ್ಯಾಬಿನಲ್ಲಿ ಕಾರಣ ಕೇಳಿತು. ಇದ್ದ ಆಯ್ಕೆಗಳಲ್ಲಿ ಹೊಂದುವಂಥದ್ದು ಒಂದೇ, ‘ಮಾಲೀಕರು ಲಭ್ಯವಿಲ್ಲ’. ಆ ಮಾಲೀಕರ ಮಂಚಕ್ಕೆ ಮೊಣಕಾಲು ತಾಗಿಸಿ ನಿಂತುಕೊಂಡೇ ಅದನ್ನು ಒತ್ತಿ ಕಳಿಸಿದೆ. ಪೆಟ್ಟಿಗೆಯನ್ನು ಖಾತೆ ಪೂರ್ತಿ ನಿಂತ ಮೇಲೆ ವಾಪಸು ಪಡೆಯಬೇಕು ಅನ್ನುವುದು ನಿಯಮ, ಹಾಗಾಗಿ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಬಂದೆ. ಆ ರಾತ್ರಿ ಅಡುಗೆಮನೆಯಲ್ಲಿ ಅಮ್ಮ ಸೌಟು ಒದರಿದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದೆ.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಓಣಿಯ ಬಾಯಲ್ಲಿ ಒಂದು ಓಮ್ನಿ ವ್ಯಾನ್ ನಿಂತಿತ್ತು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದ್ದರು. ಗಂಡ ಒಂದು ಗಂಟು ಹಿಡಿದು ಜಗುಲಿಯ ಮೇಲೆ ಕೂತಿದ್ದರು. “ಐಕ್ಳು ರೈಲ್ ಓಗ್ಲಿ, ಆಮೇಲೆ ಇವ್ಳ ಎತ್ಕಳಾನ. ಅವ್ರ್ ಮುಂದ್ಗಡೆ ಬ್ಯಾಡ,” ಅಂದರು. ನಾನೂ ಶಟರಿನ ಎದುರಿನ ಕಟ್ಟೆಯ ಮೇಲೆ ಕೂತೆ.

ಮಕ್ಕಳು ಬರತೊಡಗಿದರು. ಮೊದಲು ಬಂದವನು ಕರ್ಚೀಪಿನಿಂದ ಚೀಟಿ ಒರೆಸಿ ಸ್ಕ್ಯಾನ್ ಮಾಡಿದ. ಅದು ಅವರ ಪದ್ಧತಿ ಅಂತ ಕಾಣುತ್ತದೆ. ಫೋನು ನೋಡಿದ, ಹುಬ್ಬು ಗಂಟಿಕ್ಕಿದ, ಮತ್ತೆ ಮಾಡಿದ. “ಆಗ್ತಿಲ್ಲ ಕಣ್ಲಾ.” ಇನ್ನೊಬ್ಬನದೂ ಆಗಲಿಲ್ಲ. “ನೆಟ್ವರ್ಕ್ ಇಲ್ವೇನ್ಲಾ?” “ಐತೆ, ಫುಲ್ ಐತೆ.” ಮೂಗುತಿಯ ಹುಡುಗಿ ಬಂದು ಪ್ರಯತ್ನಿಸಿದಳು. ಪರದೆಯ ಮೇಲೆ ಬಂದದ್ದನ್ನು ಓದಿದಳು, ಆಮೇಲೆ ತಿರುಗಿ ನನ್ನನ್ನೂ ನನ್ನ ಮಡಿಲಲ್ಲಿದ್ದ ಟ್ಯಾಬನ್ನೂ ನೋಡಿದಳು.

“ನೀವೇನಾ?”

“ನಿಯಮ ಇದೆಯಮ್ಮ.”

“ನಿಮ್ಗೆ ಕಾರಣ ಯೋಳಿದ್ನಲ್ಲ ಅವತ್ತು. ಬರ್ಕಂಡ್ರಲ್ಲ. ಬರ್ಕಂಡು ಹಿಂಗ್ ಮಾಡಿದ್ರಾ?”

ನಾನು ಟ್ಯಾಬನ್ನು ಮಡಿಲಲ್ಲಿ ಮಗುಚಿಟ್ಟೆ. ಅಷ್ಟರಲ್ಲಿ ಮದ್ದೂರಿನ ಕಡೆಯಿಂದ ರೈಲಿನ ಕೂಗು ಕೇಳಿಸಿತು. ಮಕ್ಕಳು ಶಟರಿನ ಮುಂದೆ ಸುಮ್ಮನೆ ನಿಂತಿದ್ದರು. ಒಳಗೂ ಸದ್ದಿಲ್ಲ. ಗಾಡಿ ಕಾಣಿಸಿಕೊಂಡಾಗ ಬೇರೆ ದಾರಿಯಿಲ್ಲದೆ ಒಬ್ಬೊಬ್ಬರೇ ನಿಲ್ದಾಣದ ಕಡೆ ಓಡತೊಡಗಿದರು. ಚಪ್ಪಲಿಗಳ ಸಪ್ಪಳ ಶಟರಿನಿಂದ ದೂರವಾಯಿತು.

ಆಗ ಒಳಗಿಂದ ಸದ್ದು ಶುರುವಾಯಿತು.

ಎರಡು ಸಲ ಬಡಿದು ನಿಲ್ಲಲಿಲ್ಲ. ಟಣಟಣಟಣ ಅಂತ ಒಂದೇ ಸಮನೆ, ಬಿಡುವಿಲ್ಲದೆ, ಒಂದಕ್ಕಿಂತ ಒಂದು ಜೋರಾಗಿ. ಶಟರಿನ ತಗಡು ಅದಕ್ಕೆ ಅದುರುತ್ತಿತ್ತು. ಓಮ್ನಿಯ ಡ್ರೈವರ್ ಕೆಳಗಿಳಿದು, “ಏನ್ಲಾ ಅದು, ಸಿವ್ನೆ!” ಅಂತ ಹಿಂದೆ ಸರಿದ. ಪೆಟ್ಟಿಗೆ ಸತ್ತಿತ್ತು, ನಾನೇ ಸಾಯಿಸಿದ್ದೆ. ಕೂಗಿದವರು ಯಾರೂ ಇಲ್ಲ. ಈ ಕೈ ಯಾರಿಗೆ ಉತ್ತರ ಕೊಡುತ್ತಿದೆ?

ಅರ್ಧ ದಾರಿಗೆ ಓಡಿದ್ದ ಮೂಗುತಿಯ ಹುಡುಗಿ ಗಕ್ಕನೆ ನಿಂತಳು. ಅವಳ ಹಿಂದಿನವರೂ ನಿಂತರು. ಅವಳು ವಾಪಸು ಓಡಿ ಬಂದಳು, ಮುಖ ಕೆಂಪಗೆ.

“ಬೈತಾವ್ಳೆ! ಅಕ್ಕ ಬೈತಾವ್ಳೆ! ಕಾಸು ಕೊಡ್ದೆ ಯಾರಾರ ಜಾರ್ಕಂಡ್ರೆ ಹಿಂಗೇ ಕೆಟ್ಲಿ ಬಡಿಯೋಳು, ತಿರ್ಗ ಬರೋಗಂಟ ಬುಡ್ತಿರ್ಲಿಲ್ಲ. ಇವತ್ತು ಯಾರೂ ಹಾಕ್ನಿಲ್ವಲ್ಲ, ಅದ್ಕೆ!”

ನಾನು ಎದ್ದು ನಿಂತೆ. ಕೂಗಿದ ಸದ್ದಿಗೆ ಕೈ ತಾನಾಗಿ ಎದ್ದರೆ ಅಭ್ಯಾಸ ಅನ್ನಬಹುದು. ಬರಬೇಕಾಗಿದ್ದ ಸದ್ದು ಬರಲಿಲ್ಲ ಅಂತ ಕೈಗೆ ಗೊತ್ತಾಗುವುದು ಹೇಗೆ? ಅದಕ್ಕೆ ಯಾರೋ ಕಾದು ಕೂತಿರಬೇಕು. ಹೊರಗೆ ಮಕ್ಕಳು ಬಂದರು ಅಂತ ಕೇಳಿಸಿಕೊಂಡು, ಪೆಟ್ಟಿಗೆ ಯಾಕೆ ಸುಮ್ಮನಿದೆ ಅಂತ ಯೋಚಿಸಿ, ಹಾಗೇ ಓಡಿಹೋದರಲ್ಲ ಅಂತ ಸಿಟ್ಟಾಗಬೇಕು. ಸೂರು ನೋಡುತ್ತಾ ಮಲಗಿದ್ದ ಹೆಂಗಸು ಇಷ್ಟೂ ದಿನ ಅಂಗಡಿ ನಡೆಸುತ್ತಿದ್ದಳು.

ಗಂಡ ಜಗುಲಿಯಿಂದ ಇಳಿದು ಬಂದಿದ್ದರು. ಹುಡುಗಿ ಹೇಳಿದ್ದು ಅವರಿಗೂ ಕೇಳಿಸಿತ್ತು. ಕೈಯಲ್ಲಿದ್ದ ಗಂಟು ಕೆಳಗೆ ಬಿತ್ತು. ಬಗ್ಗಿ ಶಟರಿನ ಹಿಡಿಗೆ ಕೈಹಾಕಿದರು. ತುಕ್ಕಿಗೆ ಕಚ್ಚಿಕೊಂಡಿದ್ದ ಅದು ಒಂದೇ ಎಳೆತಕ್ಕೆ ಬರಲಿಲ್ಲ, ಇಬ್ಬರು ಹುಡುಗರು ಕೈಕೊಟ್ಟರು. ಕಿರ್ರೆಂದು ಶಟರ್ ಮೇಲೆ ಹೋಯಿತು. ಗಂಡ ನಿಲ್ದಾಣದ ಕಡೆ ತಿರುಗಿ, ಕುತ್ತಿಗೆಯ ನರ ಉಬ್ಬಿಸಿ ಕೂಗಿದರು: “ಲೇ! ಕಾಸ್ ಕೊಟ್ಟೋಗ್ರುಲಾ!”

ರೈಲು ಬಂದು ನಿಂತು ಹೋಯಿತು. ಮಕ್ಕಳೆಲ್ಲ ವಾಪಸು ಬಂದು ಅಂಗಡಿಯ ಮುಂದೆ ಇದ್ದರು. ಒಳಗೆ ಬಡಿತ ನಡೆದೇ ಇತ್ತು.

“ಯಾರ್ತಾವ ಐತ್ಲಾ ಒಂದ್ರೂಪಾಯಿ?” ಅಂದಳು ಹುಡುಗಿ. ಎಲ್ಲರೂ ಜೇಬು, ಬ್ಯಾಗು ತಡಕಿದರು. ಒಬ್ಬರ ಹತ್ತಿರವೂ ಒಂದು ನಾಣ್ಯವಿರಲಿಲ್ಲ. ನನ್ನ ಪರ್ಸನ್ನು ಅಡಿಮೇಲು ಮಾಡಿದೆ, ಅದರಲ್ಲೂ ಇಲ್ಲ. ಗಂಡ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಮಂಚದ ಹತ್ತಿರ ಹೋಗಿ ಬಗ್ಗಿದರು. ನಿನ್ನೆ ಹೆಂಡತಿಯನ್ನು ಕರೆದಾಗ ಅವರ ದನಿ ಸಾವಿನ ಮನೆಯಲ್ಲಿ ಮಾತಾಡುವವರ ದನಿಯಂತಿತ್ತು. ಈಗ ಅಂಗಡಿಯ ದನಿ.

“ಐಕ್ಳು ತಾವ ಕಾಸಿಲ್ವಂತೆ ಕಣಮ್ಮಿ. ನಾಳೀಕ್ ಕೊಡ್ತಾರಂತೆ, ಬುಡು.”

ಬಡಿತ ನಿಂತಿತು. ಮಕ್ಕಳ ಮುಖದಲ್ಲಿ ಹೆದರಿಕೆ ಇತ್ತು, ನನ್ನ ಮುಖದಲ್ಲೂ ಇದ್ದಿರಬೇಕು. ಆಮೇಲೆ ಮೊದಲಿಗಿಂತ ಎರಡರಷ್ಟು ಜೋರಾಗಿ ಚಮಚ ಕಂಬಿಯ ಮೇಲೆ ಬಿತ್ತು.

“ಕೇಳುಸ್ತು!” ಗಂಡ ನಮ್ಮ ಕಡೆ ತಿರುಗಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. “ನಾಳೆ ಅಂದಿದ್ ಕೇಳುಸ್ತು ಅವ್ಳಿಗೆ! ಸಾಲ ಅಂದ್ರೆ ಆಗಾಕಿಲ್ಲ ಇವ್ಳಿಗೆ, ಮೊದ್ಲಿಂದ್ಲೂವೆ!” ಮತ್ತೆ ಹೆಂಡತಿಯ ಕಡೆ ಬಗ್ಗಿ, “ಒಂದಿನ ಸಾಲ ಕೊಟ್ರೆ ಏನಾಯ್ತದೆ ನಿಂಗೆ? ಓದೋ ಐಕ್ಳು ಕಣೆ!” ಅಂತ ರೇಗಿದರು. ಅದಕ್ಕೆ ಉತ್ತರವಾಗಿ ಮತ್ತೊಂದು ಸುತ್ತು ಬಡಿತ.

ನನ್ನ ಫೋನ್ ಹೊಡೆದುಕೊಳ್ಳುತ್ತಿತ್ತು. ಮೇಲ್ವಿಚಾರಕರು. “ಪೆಟ್ಟಿಗೆ ಸಿಕ್ತಾ?”

“ಇಲ್ಲ ಸರ್. ಪೆಟ್ಟಿಗೆ ಇಲ್ಲೇ ಇರುತ್ತೆ. ನಿನ್ನೆ ನಾನು ಕಳಿಸಿದ್ದನ್ನ ವಾಪಸು ತಗೋತೀನಿ. ಇವರ ಗಂಡನ ಹೆಸರಿಗೆ ಹೊಸ ಅರ್ಜಿ ಇವತ್ತೇ ಹಾಕಿಸ್ತೀನಿ. ಮಾಲೀಕರು ಇದ್ದಾರೆ.”

“ಹಿಂದೆ ಏನ್ರೀ ಅದು ಗಲಾಟೆ?”

“ಗಿರಾಕಿಗಳು ದುಡ್ಡು ಕೊಟ್ಟಿಲ್ಲ ಸರ್. ಮಾಲೀಕರು ಬೈತಾ ಇದ್ದಾರೆ.” ಕೇಳಿಸಲಿ ಅಂತ ಫೋನನ್ನು ಅಂಗಡಿಯ ಕಡೆ ಹಿಡಿದೆ.

ಓಮ್ನಿಯ ಡ್ರೈವರ್ ದೂರದಲ್ಲೇ ನಿಂತು, ಒಳಗೆ ಬರಲು ಧೈರ್ಯವಿಲ್ಲದೆ, “ಅಣ್ಣೋ, ಮಳವಳ್ಳಿಗೆ ಹೊರಡದಾ?” ಅಂತ ಕೂಗಿದ.

ಗಂಡ ತಿರುಗಿ ಕೂಡ ನೋಡಲಿಲ್ಲ. “ನೀನ್ ಓಗಪ್ಪ,” ಅಂದರು. “ನಮ್ಮನೇಲಿ ಜಗಳ ನಡೀತಾ ಐತೆ.”